ಏಳನೇ ಪುಟದಲ್ಲಿ ನಿಂತ ಬೋರ್‌ವೆಲ್

ಕೊರೊನಾ ಇಳಿದು ಕಚೇರಿಗಳು ಮತ್ತೆ ತುಂಬಿದ ವರ್ಷ ಅದು. ಚಿತ್ರದುರ್ಗದ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಹಿರಿಯ ಪ್ರೋಗ್ರಾಮರ್ ಆಗಿದ್ದೆ. ನಮ್ಮ ತಂಡ ಬರೆದ ಸಾಫ್ಟ್‌ವೇರ್ ಲೈಬ್ರರಿಯೊಂದಿತ್ತು. ನೆಲಕ್ಕೆ ಕಂಬಿ ನೆಟ್ಟು ವಿದ್ಯುತ್ ಹಾಯಿಸಿ ತೆಗೆದ ಅಳತೆಗಳನ್ನು ಕೊಟ್ಟರೆ, ಒಳಗಿನ ಬಂಡೆ, ಬಿರುಕು, ನೀರಿನ ಪದರಗಳ ಚಿತ್ರ ಬಿಡಿಸಿಕೊಡುತ್ತಿತ್ತು. ಎಲ್ಲರಿಗೂ ಉಚಿತ. ಅದರ ಬಗ್ಗೆ ನಮಗೆ ವಿಪರೀತ ಹೆಮ್ಮೆ.

ಆದರೆ ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದೇ ಒಂದು ಶಿಕ್ಷೆ. ಅದು ಬೇರೆ ಎಂಟು ಲೈಬ್ರರಿಗಳನ್ನು ನೆಚ್ಚಿಕೊಂಡಿತ್ತು. ಪ್ರತಿಯೊಂದನ್ನೂ ಹುಡುಕಿ, ಸರಿಯಾದ ಆವೃತ್ತಿ ಆರಿಸಿ, ಕೆಲವನ್ನು ಮೂಲ ಕೋಡ್‌ನಿಂದಲೇ ಕಂಪೈಲ್ ಮಾಡಿ ಓಡುವ ರೂಪಕ್ಕೆ ತರಬೇಕಿತ್ತು. ಇದೆಲ್ಲ ಹೇಗೆಂದು ವಿವರಿಸುವ ಹನ್ನೊಂದು ಪುಟದ ಸೂಚನೆ ಬರೆದವನು ನಾನೇ.

ಹಿರಿಯೂರಿನಲ್ಲಿ ಭೂವಿಜ್ಞಾನಿಯಾಗಿದ್ದ ರುಕ್ಮಿಣಿ ಮೂರು ಸಲ ಇಮೇಲ್ ಬರೆದರು: ಏಳನೇ ಪುಟದಲ್ಲಿ ನಿಂತುಹೋಗುತ್ತಿದೆ, ದಾರಿ ತೋರಿಸಿ ಎಂದು. ಸೂಚನೆಯನ್ನು ಸರಿಯಾಗಿ ಓದಿ ಎಂದು ಮೂರು ಸಲವೂ ಒಂದೇ ಸಾಲಿನ ಉತ್ತರ ಕಳಿಸಿದೆ.

ಆಮೇಲೆ ಅವರಿಂದ ಫೋನ್ ಬಂತು. ಧರ್ಮಪುರ ಹೋಬಳಿಯ ಒಂದು ಹಳ್ಳಿಗೆ ಕುಡಿಯುವ ನೀರಿನ ಬೋರ್ ಕೊರೆಸಬೇಕಿತ್ತಂತೆ. ಲೈಬ್ರರಿ ಕೈಗೆ ಸಿಗದೆ, ಹಳೆಯ ಪದ್ಧತಿಯಲ್ಲಿ ಹಾಳೆಯ ಮೇಲೆ ಕೈಯಲ್ಲೇ ಲೆಕ್ಕ ಹಾಕಿ ಜಾಗ ಗುರುತಿಸಿದ್ದರು. ಕೊರೆದರೆ ಬರೀ ಕಲ್ಲಿನ ಧೂಳು. ಊರಿನವರು ಅವರನ್ನು ಸುತ್ತುಗಟ್ಟಿ ಬೈದಿದ್ದರು.

"ಓದ್ರಿ ಓದ್ರಿ ಅಂತೀರಲ್ಲ ಸಾರ್, ಒಂದ್ ಸಲ ನೀವೇ ಬಂದು ನನ್ ಕಂಪ್ಯೂಟರ್‌ನಾಗೆ ಹಾಕಿ ತೋರಿಸ್ರಿ" ಎಂದರು.

ನಾನು ಸಿಟ್ಟಿನಿಂದಲೇ ಬಸ್ ಹತ್ತಿದೆ. ಈಕೆಗೆ ಓದಲು ಬರುವುದಿಲ್ಲ ಎಂದು ತೋರಿಸಿಯೇ ಬರಬೇಕು ಎಂಬ ಹಟ. ಬೆಳಿಗ್ಗೆ ಹತ್ತಕ್ಕೆ ಅವರ ಕಂಪ್ಯೂಟರಿನ ಮುಂದೆ ಕೂತೆ. ಏಳನೇ ಪುಟದಲ್ಲಿ ನಾನೂ ನಿಂತೆ. ಅಲ್ಲಿ ಹೇಳಿದ ಆವೃತ್ತಿ ಈಗ ಎಲ್ಲಿಯೂ ಸಿಗುತ್ತಿರಲಿಲ್ಲ. ನನ್ನ ಯಂತ್ರದಲ್ಲಿ ಹಿಂದೆಂದೋ ಹಾಕಿದ್ದು ಉಳಿದಿತ್ತು, ಅಷ್ಟೇ. ಸಂಜೆ ಐದಾದರೂ ಆಗಲಿಲ್ಲ. ರುಕ್ಮಿಣಿ ಎರಡು ಸಲ ಟೀ ತರಿಸಿದರು.

ಕೊನೆಗೆ ಅವರ ಅಳತೆಗಳನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಎರಡು ನಿಮಿಷದಲ್ಲಿ ಚಿತ್ರ ಬಂತು. ಕೊರೆದ ಜಾಗದ ಕೆಳಗೆ ಒಂದೇ ಅಖಂಡ ಬಂಡೆ. ಬಿರುಕು ಇದ್ದದ್ದು ಅಲ್ಲಿಂದ ಅರವತ್ತು ಮೀಟರ್ ಪಶ್ಚಿಮಕ್ಕೆ, ಕುರಿ ಕೂಡುವ ಒಂದು ರೊಪ್ಪದ ಹಿಂದೆ. ರುಕ್ಮಿಣಿ ಆ ಜಾಗವನ್ನು ಹಾಳೆಯಲ್ಲಿ ಗುರುತು ಮಾಡಿಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ನಮ್ಮ ಮುಖ್ಯಸ್ಥರ ಬಳಿ ಹೋಗಿ, ಲೈಬ್ರರಿಯನ್ನು ಪ್ಯಾಕೇಜ್ ಮ್ಯಾನೇಜರ್‌ಗೆ ಸೇರಿಸೋಣ ಎಂದೆ. ಹಾಗೆ ಸೇರಿಸಿದರೆ ಬಳಸುವವರು ಒಂದು ಸಾಲು ಟೈಪ್ ಮಾಡಿದರೆ ಸಾಕು, ಲೈಬ್ರರಿಯೂ ಅದಕ್ಕೆ ಬೇಕಾದ ಎಂಟೂ ಒಂದಕ್ಕೊಂದು ಹೊಂದುವ ಆವೃತ್ತಿಗಳಲ್ಲಿ ತಾವಾಗಿಯೇ ಬಂದು ಕೂರುತ್ತವೆ.

ಅವರು ತಲೆಯೆತ್ತಲಿಲ್ಲ. "ಅದ್ರಾಗೆ ಸಂಶೋಧನೆ ಏನೈತ್ರಿ? ಇನ್‌ಸ್ಟಾಲ್ ಮಾಡಾಕೇ ಬರದವ್ರು ಅದನ್ನ ಬಳಸಾದ್ಯಾಕೆ?"

ಇಡೀ ಸೇವೆಯಲ್ಲಿ ಮೇಲಧಿಕಾರಿಯ ಮೇಜು ಗುದ್ದಿದ್ದು ಅದೊಂದೇ ಸಲ. ಒಂದು ಊರಿನ ಬೋರ್ ಬತ್ತಿದ್ದಲ್ಲ, ನಮ್ಮ ಕೊಬ್ಬಿನಿಂದ ತಪ್ಪು ಜಾಗದಲ್ಲಿ ಕೊರೆದದ್ದು ಎಂದು ಕೂಗಾಡಿದೆ. ಹೊರಗೆ ಬಂದ ಮೇಲೆ ಹೊಳೆಯಿತು: ಮುಖ್ಯಸ್ಥರು ಬಾಯಲ್ಲಿ ಹೇಳಿದ್ದನ್ನೇ ನಾನು ಮೂರು ಸಲ ಬರೆದು ಕಳಿಸಿದ್ದೆ. ಆಗ ನನ್ನ ಮೇಲೇ ಸಿಟ್ಟು ಇನ್ನೂ ಏರಿತು.

ಅವರು ಒಪ್ಪಲಿಲ್ಲ, ತಡೆಯಲೂ ಇಲ್ಲ. ನಾಲ್ಕು ತಿಂಗಳು ಅದನ್ನೇ ಮಾಡಿದೆ. ಪ್ರತಿ ಬದಲಾವಣೆಯನ್ನೂ ಏನೂ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಹಾಕಿ ಪರೀಕ್ಷಿಸಿದೆ. ಆ ವರ್ಷದ ವರದಿಯಲ್ಲಿ ನನ್ನ ಹೆಸರಿನ ಮುಂದೆ 'ಸಂಶೋಧನಾ ಕೊಡುಗೆ ಇಲ್ಲ' ಎಂದು ಬರೆದರು.

ಕೆಲಸ ಮುಗಿಸಿ ಹಿರಿಯೂರಿಗೆ ಹೋದೆ. ರುಕ್ಮಿಣಿ ಒಂದು ಸಾಲು ಟೈಪ್ ಮಾಡಿದರು. ಆರು ನಿಮಿಷದಲ್ಲಿ ಅವರದೇ ಯಂತ್ರದಲ್ಲಿ ಅದೇ ಚಿತ್ರ ಮೂಡಿತು. ಎರಡನೇ ಬೋರಿಗೆ ಮಂಜೂರಾತಿ ಸಿಕ್ಕಿ, ಆ ಹೊತ್ತಿಗಾಗಲೇ ರೊಪ್ಪದ ಹಿಂದೆ ಕೊರೆಸಿದ್ದರು. ಎರಡು ಇಂಚು ನೀರು ಬಂದಿತ್ತು. ಅಷ್ಟರಲ್ಲಿ ಬೇಸಿಗೆಯೇ ಕಳೆದಿತ್ತು. ಅವರು ಧನ್ಯವಾದ ಹೇಳುತ್ತಾರೆಂದು ಕಾದೆ.

"ಇಷ್ಟೇನಾ ಸಾರ್? ಇದನ್ನ ಆವಾಗ್ಲೇ ಮಾಡಿದ್ರೆ, ಆ ಹೆಣ್ಮಕ್ಳು ಒಂದ್ ಬ್ಯಾಸಿಗಿ ಪೂರ್ತಿ ಪಕ್ಕದೂರಿಂದ ನೀರು ಹೊರಾದು ತಪ್ಪತಿತ್ತು."

ಬರೆದದ್ದು ನಮ್ಮ ಮೇಜಿನ ಮೇಲೆ ಓಡಿದ ಮಾತ್ರಕ್ಕೆ ಅರ್ಧ ಕೆಲಸವೂ ಆಗಿರುವುದಿಲ್ಲ ಎಂದು ಕಲಿತೆ. ನಿವೃತ್ತನಾದ ಮೇಲೂ ಏನಾದರೂ ಬರೆದರೆ ಬೇರೆಯವರ ಕಚೇರಿಗೆ ಹೋಗಿ, ಅವರ ಪಕ್ಕ ಕೈಕಟ್ಟಿ ಕೂರುತ್ತೇನೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ನನ್ನದು.