ಬಯಲು ಗಾಳಿಯಲ್ಲಿ ಇಳಿದ ಮುಳ್ಳು

ಚಳ್ಳಕೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮಾರುವುದು ನನ್ನ ಕಸುಬು. ಯಾರ ಕೈಯನ್ನೂ ಹಿಡಿಯದೆ ಒಂದು ಹಳೇ ಮೊಪೆಡ್‌ನಿಂದ ಶುರು ಮಾಡಿದವನು ನಾನು. ಮೀಟರು ತಿರುಗಿಸಿದ್ದಾರೆಯೇ, ಬಾಗಿಲಿಗೆ ಎರಡನೇ ಸಲ ಬಣ್ಣ ಬಿದ್ದಿದೆಯೇ ಎಂದು ಹುಡುಕಿ ಹುಡುಕಿ ಅನುಮಾನವೇ ನನಗೆ ಅನ್ನ ಹಾಕಿದೆ. ಹಾಗಾಗಿ ಯಾರಾದರೂ ದೆವ್ವ, ಶಕುನ ಎಂದು ಬಾಯಿ ತೆರೆದರೆ, ಇದರಿಂದ ಇವನಿಗೇನು ಲಾಭ ಎಂದು ಮೊದಲು ಯೋಚಿಸುತ್ತಿದ್ದೆ. ಈಗ ಹೇಳುತ್ತಿರುವ ಸಂಗತಿಯಲ್ಲೂ ಹಾಗೇ ಯೋಚಿಸಿದೆ. ಆ ಯೋಚನೆ ನನ್ನನ್ನು ಎಲ್ಲಿಗೂ ಮುಟ್ಟಿಸಲಿಲ್ಲ.

ನನ್ನ ಅಣ್ಣ ಮೊಳಕಾಲ್ಮುರಿನಲ್ಲಿ ಸೀರೆ ವ್ಯಾಪಾರಿ. ಕಾರಿನ ಹುಚ್ಚು ವಿಪರೀತ. ತನ್ನ ಹಳೇ ಪೆಟ್ರೋಲ್ ಕಾರಿಗೆ ಕಂಪನಿಯ ಕಂಪ್ಯೂಟರ್ ತೆಗೆಸಿ, ಪೆಟ್ರೋಲಿನ ಅಳತೆಯನ್ನು ನಾವೇ ಬದಲಿಸಬಹುದಾದ ಬೇರೊಂದು ಕಂಪ್ಯೂಟರ್ ಹಾಕಿಸಿದ್ದ. ಅದಕ್ಕೆ ಜೋಡಿಸಲು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಒಂದನ್ನೂ ತರಿಸಿದ್ದ. ಡಬ್ಬಿ ಒಡೆಯುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗಾಲು ಬಲಗೈ ಎರಡೂ ಮರದ ಹಾಗಾದವು.

ವರ್ಷ ಕಳೆಯಿತು. ನಿಂತ ಕಾರು ಹಾಳಾಗುತ್ತದೆ, ಮಾರಿಬಿಡೋಣ ಎಂದು ಅತ್ತಿಗೆಗೆ ಹೇಳಿದೆ. ಬಳ್ಳಾರಿ ಕಡೆಯ ಒಬ್ಬ ಗಿರಾಕಿ, ಸೆನ್ಸರ್ ಕೂರಿಸಿ ಎಂಜಿನ್ ಸರಿಯಾಗಿ ಓಡುವುದನ್ನು ತೋರಿಸಿದರೆ ತಗೊಳ್ಳುತ್ತೇನೆ ಎಂದಿದ್ದ.

"ನಿಮ್ಮಣ್ಣ ಬದುಕೇ ಐದಾರಲ್ಲಪ್ಪಾ, ಅವರನ್ನೇ ಕೇಳು," ಎಂದರು ಅತ್ತಿಗೆ.

"ಅವನು ಮಾತಾಡಲ್ಲವಲ್ಲ ಅತ್ತಿಗೆ."

"ಅದಕ್ಕೇ ಹೇಳಿದ್ದು."

ಅತ್ತಿಗೆಗೆ ಕಾರು ಮಾರುವುದು ಇಷ್ಟವಿಲ್ಲ ಎಂದು ಗೊತ್ತಾಯಿತು. ಮಾರಿದರೆ, ಅವನು ಇನ್ನು ಏಳುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ನನಗೂ ಅದು ಗೊತ್ತಿತ್ತು. ಆದರೂ ಕಾರನ್ನು ಚಳ್ಳಕೆರೆಗೆ ತಂದು ರಫೀಕನ ಶೆಡ್ಡಿನಲ್ಲಿ ನಿಲ್ಲಿಸಿದೆ. ರಫೀಕ್ ಹದಿನೈದು ವರ್ಷದಿಂದ ನನ್ನ ಗಾಡಿಗಳ ವೈರಿಂಗ್ ಮಾಡುವವನು. ನನ್ನ ಅಣ್ಣನೆಂದರೆ ಅವನಿಗೂ ಪ್ರಾಣ.

ಈ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ತೋರಿಸುವ ಮುಳ್ಳಿನ ಮೀಟರೂ ಡ್ರೈವರಿನ ಮುಂದೆ ಇರುತ್ತದೆ. ನೀವು ಯಾರಾದರೂ ಹಾಕಿಸುವುದಾದರೆ ಒಂದು ಮಾತು ಕೇಳಿ: ಇದರ ಅರ್ಥಿಂಗ್ ವೈರನ್ನು ಕಂಪ್ಯೂಟರಿನ ಅರ್ಥಿಂಗ್ ಇರುವ ಜಾಗಕ್ಕೇ ಕೊಡಿಸಿ. ಸಿಕ್ಕ ಬೋಲ್ಟಿಗೆ ಕಟ್ಟಿದರೆ ಮೀಟರು ಒಂದು ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು ತಿಳಿಯುತ್ತದೆ. ಮತ್ತೆ, ಪೈಪಿಗೆ ತಿರುಪುವ ಮೊದಲು ಸೆನ್ಸರನ್ನು ಬಯಲು ಗಾಳಿಯಲ್ಲಿ ತೂಗುಹಾಕಿ, ಬರೀ ಗಾಳಿ ಎಂದರೆ ಇದು ಎಂದು ಅದಕ್ಕೆ ಪರಿಚಯ ಮಾಡಿಸಬೇಕು. ಆಗ ಮುಳ್ಳು ಮೀಟರಿನ ತುತ್ತತುದಿಗೆ ಹೋಗಿ ನಿಲ್ಲಬೇಕು, ಅಲ್ಲಾಡಬಾರದು.

ರಫೀಕ್ ಹಾಗೇ ತೂಗುಹಾಕಿದ. ಬೆಳಿಗ್ಗೆ ಹನ್ನೊಂದೂವರೆ ಇರಬಹುದು. ಎಂಜಿನ್ ಶುರು ಮಾಡಿರಲಿಲ್ಲ, ಕೀ ಮಾತ್ರ ಆನ್ ಆಗಿತ್ತು. ಮುಳ್ಳು ತುದಿಗೆ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ ಇಳಿದು, ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ಇರುವ ಹದಿನಾಲ್ಕೂವರೆಯ ಹತ್ತಿರ ನಡುಗತೊಡಗಿತು.

"ಥಿನ್ನರ್ ಡಬ್ಬಿ ಎಲ್ಲೈತೋ?" ಎಂದೆ. ಬಣ್ಣಕ್ಕೆ ಬೆರೆಸುವ ಥಿನ್ನರ್, ಪೆಟ್ರೋಲಿನ ವಾಸನೆಗೂ ಈ ಸೆನ್ಸರ್ ಮೋಸಹೋಗುತ್ತದೆ. ಡಬ್ಬಿಗಳನ್ನೆಲ್ಲ ರಸ್ತೆಯಾಚೆ ಇಡಿಸಿದೆ. ಅಕ್ಕಪಕ್ಕ ಓಡುವ ಗಾಡಿ ಒಂದೂ ಇರಲಿಲ್ಲ. ರಫೀಕ್ ಅರ್ಥಿಂಗ್ ಬಿಚ್ಚಿ ಮತ್ತೆ ಕಟ್ಟಿದ. ಕಂಪ್ಯೂಟರಿಗೆ ಹೋಗುವ ವೈರನ್ನೇ ಕಿತ್ತ. ಆದರೂ ಮುಳ್ಳು ಹನ್ನೆರಡೂವರೆಗೆ ಇಳಿಯಿತು, ತಟ್ಟನೆ ತುದಿಗೆ ಹಾರಿತು, ಮತ್ತೆ ಇಳಿಯಿತು. ಓಡುವ ಗಾಡಿಯಲ್ಲಿ ಆಕ್ಸಿಲೇಟರ್ ಒತ್ತಿ, ಕಾಲೆತ್ತಿ, ಮತ್ತೆ ಒತ್ತಿದಾಗ ಹೀಗಾಗುತ್ತದೆ.

"ಯಾರೋ ಗೇರ್ ಹಾಕ್ತಾ ಐದಾರೆ ಅಣ್ಣ," ಎಂದ ರಫೀಕ್. ಅವನ ದನಿ ಇಳಿದಿತ್ತು.

"ಲೇ, ನಾಟಕ ಬ್ಯಾಡ. ಸೆನ್ಸರ್ ಕೆಟ್ಟೈತೆ ಅನ್ನು, ಸಾಕು."

"ಕೆಟ್ಟಿದ್ರೆ ಒಂದೇ ಕಡೆ ನಿಲ್ತೈತೆ ಅಣ್ಣ. ಇದು ಓಡ್ತಾ ಐತೆ."

ಮುಕ್ಕಾಲು ತಾಸು ನೋಡಿದೆವು. ಕೊನೆಗೆ ಮುಳ್ಳು ಹದಿನಾಲ್ಕೂವರೆಗೆ ಬಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಮ್ಮೆ ಮಾತ್ರ ಜೋರಾಗಿ ಇಳಿದೆದ್ದು, ತುದಿಗೆ ಹೋಗಿ ಸುಮ್ಮನಾಯಿತು. ನಾವಿಬ್ಬರೂ ಮುಖ ನೋಡಿಕೊಂಡೆವು. ಎಂಜಿನ್ ಆರಿಸುವ ಮುನ್ನ ಆಕ್ಸಿಲೇಟರನ್ನು ಒಮ್ಮೆ ಒತ್ತಿ ಬಿಡುವುದು ಅಣ್ಣನ ಅಭ್ಯಾಸ. ಲಾರಿ ಡ್ರೈವರುಗಳಿಂದ ಕಲಿತದ್ದು, ಬಿಡು ಎಂದು ನಾನು ಎಷ್ಟೋ ಸಲ ಬೈದಿದ್ದೆ.

ಐದು ನಿಮಿಷಕ್ಕೆ ಫೋನ್ ಬಂತು. ಅತ್ತಿಗೆ ಅಳುತ್ತಿದ್ದರು. "ನಿಮ್ಮಣ್ಣನ ಬಲಗಾಲು ಆಡ್ತು ಕಣಪ್ಪಾ. ಆಗ್ನಿಂದ ಮಂಚದ ಪಟ್ಟಿನ ಒತ್ತೋದು, ಬಿಡೋದು. ಈಗ ಒಂದ್ಸಲ ಜೋರಾಗಿ ಒತ್ತಿ ನಿದ್ದೆ ಹೋದ್ರು."

ನನಗೆ ಮೈ ಜುಮ್ಮೆನ್ನಲಿಲ್ಲ, ಸಿಟ್ಟು ಬಂತು. ಅತ್ತಿಗೆ, ರಫೀಕ್ ಇಬ್ಬರೂ ಸೇರಿ ಕಾರು ಮಾರದ ಹಾಗೆ ಹೂಡಿದ ಆಟ ಇದು ಎನ್ನಿಸಿತು. ರಫೀಕನ ಕಡೆ ಕೈ ಚಾಚಿ, "ಫೋನ್ ಕೊಡು," ಎಂದೆ. ಹದಿನೈದು ವರ್ಷದಲ್ಲಿ ಅವನು ನನಗೆ ಒಂದು ಹಳೇ ಫ್ಯೂಸನ್ನೂ ಹೊಸದೆಂದು ಹಾಕಿದವನಲ್ಲ.

"ನೋಡ್ಕಳ್ರಿ," ಎಂದು ಕೊಟ್ಟ. ಅದುವರೆಗೆ ನನ್ನನ್ನು ಅಣ್ಣ ಎನ್ನುತ್ತಿದ್ದವನು ಆ ಪದ ಬಿಟ್ಟ.

ಬೆಳಿಗ್ಗೆಯಿಂದ ಆ ಫೋನಿಗೆ ಬಂದ ಕರೆ ನನ್ನದೊಂದೇ. ಅವನು ಯಾರಿಗೂ ಮಾಡಿರಲಿಲ್ಲ. ಇನ್ನೊಂದು ಫೋನ್ ಇದೆಯೇ ಎಂದು ಅವನ ಜೇಬನ್ನೂ ತಡಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಧ್ಯಾಹ್ನವೇ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದೆ. ಅಣ್ಣ ಎದ್ದಿದ್ದ, ಕಾಲು ಮೊದಲಿನಂತೇ ಮರವಾಗಿತ್ತು. ಮಂಚದ ಕಾಲ ಕಡೆಯ ಪಟ್ಟಿಯ ಮೇಲೆ ಅಂಗಾಲು ಉಜ್ಜಿ ಹೊಳಪಾದ ಗುರುತಿತ್ತು. ಅದನ್ನೂ ಉಗುರಿನಿಂದ ಕೆರೆದು ನೋಡಿದೆ. ಅದನ್ನೇ ಅತ್ತಿಗೆಗೆ ತಿರುಗಿಸಿ ತಿರುಗಿಸಿ ನಾಲ್ಕು ಸಲ ಕೇಳಿದೆ.

"ನಿಂಗೆ ಸುಳ್ಳು ಹೇಳಿ ನನಗೇನಪ್ಪಾ ಸಿಗ್ತೈತೆ?"

"ಕಾರು ಸಿಗ್ತೈತಲ್ಲ ಅತ್ತಿಗೆ," ಎಂದುಬಿಟ್ಟೆ. ಅವರು ಒಳಗೆ ಹೋಗಿ ಮೂರು ಲೋಟ ಟೀ ಮಾಡಿಕೊಂಡು ಬಂದರು.

ನರಗಳು ಕೆಲವೊಮ್ಮೆ ತಾವಾಗಿ ಮಿಡಿಯುತ್ತವೆ ಎಂದರು ಡಾಕ್ಟರು. ತಯಾರಿಯಲ್ಲೇ ದೋಷ ಇರಬಹುದು ಎಂದ ಬೆಂಗಳೂರಿನ ಸೆನ್ಸರ್ ವ್ಯಾಪಾರಿ. ಒಂದೊಂದನ್ನೇ ಕೇಳಿದರೆ ಎರಡೂ ಸರಿ. ಎರಡೂ ಒಂದೇ ಹೊತ್ತಿಗೆ, ಒಂದೇ ಅಳತೆಗೆ ಹೇಗೆ ಎಂದು ಯಾರೂ ಹೇಳಲಿಲ್ಲ. ಅಣ್ಣನ ಕಾಲು ಆಮೇಲೆ ಒಮ್ಮೆಯೂ ಆಡಿಲ್ಲ.

ಗಿರಾಕಿಗೆ ಇಲ್ಲ ಎಂದೆ. ಅದೇ ಸೆನ್ಸರನ್ನು ರಫೀಕ್ ಪೈಪಿಗೆ ಕೂರಿಸಿದ, ಕೆಲಸ ಅಚ್ಚುಕಟ್ಟು. ಈಗಲೂ ನನ್ನ ಗಾಡಿಗಳನ್ನು ಅವನೇ ನೋಡುತ್ತಾನೆ. ಆದರೆ ನಾನು ಹೋದೊಡನೆ ಫೋನನ್ನು ಜೇಬಿನಿಂದ ತೆಗೆದು ನನಗೆ ಕಾಣುವ ಹಾಗೆ ಮೇಜಿನ ಮೇಲಿಡುತ್ತಾನೆ.

ಕಾರು ಮೊಳಕಾಲ್ಮುರಿನಲ್ಲಿ, ಅಣ್ಣನ ಕಿಟಕಿಯ ಮುಂದೆ ನಿಂತಿದೆ. ವಾರಕ್ಕೊಮ್ಮೆ ನಾನೇ ಹೋಗಿ ಸ್ಟಾರ್ಟ್ ಮಾಡುತ್ತೇನೆ. ಎಂಜಿನ್ ಆರಿಸಿದ ಮೇಲೂ ಕೀಯನ್ನು ಆನ್ ಮಾಡಿ, ಹತ್ತು ನಿಮಿಷ ಮುಳ್ಳನ್ನೇ ನೋಡುತ್ತಾ ಕೂರುತ್ತೇನೆ. ಹಾಗೆ ಮಾಡಿದರೆ ಬ್ಯಾಟರಿ ಇಳಿಯುತ್ತದೆ. ನೀವು ಮಾಡಬೇಡಿ.