ಜಗದೇವಿಯ ಕುರಿಗಳು

ನಿಲಂಗಾದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಜಗದೇವಿ ಗುಂಜೋಟಿಯ ಕುರಿಗಾರರ ಮನೆಯ ಮಗಳು. ಕಮಾಂಡು ಬರೆಯುವ ಟರ್ಮಿನಲ್ ಕಿಟಕಿ ತೆರೆದ ಕೂಡಲೇ ಕಂಪ್ಯೂಟರ್ ತಾನಾಗಿ ಓದಿಕೊಳ್ಳುವ ಬ್ಯಾಶ್‌ಆರ್‌ಸಿ ಫೈಲನ್ನು ಆಕೆ ಒಂಬತ್ತು ವರ್ಷ ತಿದ್ದಿ ತೀಡಿದ್ದಳು. ಅದರಲ್ಲಿ ಉದ್ದುದ್ದ ಕಮಾಂಡುಗಳಿಗೆ ಅಪ್ಪನ ಹಿಂಡಿನ ಕುರಿಗಳ ಹೆಸರಿಟ್ಟು ಮೊಟಕುಗೊಳಿಸಿದ್ದಳು. ‘ಚುಕ್ಕಿ’ ಎಂದು ಒತ್ತಿದರೆ ಫೈಲುಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಎಲ್ಲದರ ನಕಲು ತೆಗೆದಿಡುವ ನಿಧಾನದ ಕಮಾಂಡಿಗೆ ‘ಕುಂಟಿ’ ಎಂದು ಹೆಸರು.

ಜೊತೆಗೆ ಕೆಲಸ ಮಾಡುತ್ತಿದ್ದ ಕನಕರಾಜ ಉದಗೀರದಲ್ಲಿ ನೌಕರಿ ಸಿಕ್ಕಾಗ, “ಅಕ್ಕಾ, ಆ ಫೈಲ್ ಕೊಡ್ರಿ, ನಿಮ್ಮ ನೆನಪಿಗಿ ಇಟ್ಕೋತೀನಿ,” ಎಂದಿದ್ದ. ಒಡಹುಟ್ಟಿದ ತಮ್ಮನಂತೆ ನಂಬಿ ಕೊಟ್ಟಳು.

ಮೊನ್ನೆ ಅವನು ನಡೆಸುವ ಕಂಪ್ಯೂಟರ್ ತರಬೇತಿಗೆ ಖುಷಿಯಿಂದ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಪರದೆಯ ಮೇಲೆ ಅದೇ ಫೈಲು. ಮೊದಲ ಸಾಲಿನಲ್ಲಿ ಅವಳ ಹೆಸರಿದ್ದ ಜಾಗದಲ್ಲಿ ಅವನ ಹೆಸರು.

“ಇದು ಪೂರಾ ನಾನೇ ಬರ್ದದ್ದು,” ಎಂದ ಕನಕರಾಜ.

“ಇದಕ್ಕ ಕುಂಟಿ ಅಂತ ಯಾಕ ಹೆಸರಿಟ್ಟೀರಿ ಸರ್?” ಹುಡುಗಿಯೊಬ್ಬಳು ಕೇಳಿದಳು.

“ಹಂಗೇ, ಬಾಯಿಗಿ ಬಂದದ್ದು ಇಟ್ಟೀನಿ.”

ಜಗದೇವಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. “ಕುಂಟಿ ನಮ್ಮಪ್ಪನ ಹಿಂಡಿನ್ಯಾಗ ಎಲ್ಲಾಕಿಂತ ಹಿಂದ ಬರೂ ಕುರಿ. ನಮ್ಮಾಗ ಕುರಿ ಕಿವಿ ಸೀಳಿ ಗುರ್ತು ಮಾಡಿರ್ತೀವಿ, ಕನಕರಾಜ. ಕೊರಳಗಂಟಿ ಬದಲಿ ಮಾಡಿದ್ರ ಕುರಿ ನಿಂದಾಗೂದಿಲ್ಲ.”

ಕನಕರಾಜ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಹುಡುಗರ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಇವ್ರು ಯಾರ ಜೋಡಿ ಬಂದಾರ?”