ವಾಸನಿ ಮೊದಲು ಬಂದದ್ದು ಯಾರಿಗೆ

ಕಾಗವಾಡದ ಕಡೆ ಹುಟ್ಟಿ ಬೆಳೆದ ನಾನು ಸಮುದ್ರ ನೋಡಿದ್ದ ಇಪ್ಪತ್ತೈದು ದಾಟಿದ ಮ್ಯಾಲ. ಆಮ್ಯಾಲ ನೋಡಿ ನೋಡಿ ಬ್ಯಾಸರಾತು, ಯಾಕಂದ್ರ ನೌಕರಿನ ನಡು ಸಮುದ್ರದಾಗ, ಎಣ್ಣಿ ಮತ್ತ ಗ್ಯಾಸ್ ತೆಗಿಯೋ ಕಬ್ಬಿಣದ ಅಟ್ಟದ ಮ್ಯಾಲ. ಸುರಕ್ಷತಾ ಇನ್‌ಸ್ಪೆಕ್ಟರ್ ಅಂತ ಹೆಸರು. ಹೆಲ್ಮೆಟ್ ತೆಗೆದು ತಲಿ ಕೆರಕೊಳ್ಳೋರನ್ನ ಗದರೋದು, ಫಾರ್ಮ್ ತುಂಬೋದು, ಇಷ್ಟ ಕೆಲಸ.

ನಮ್ಮ ಅಟ್ಟ ಎರಡು ದೇಶಗಳ ಸಮುದ್ರ ಕೂಡೋ ಗಡಿ ಮ್ಯಾಲ ಇತ್ತು. ಗ್ಯಾಸ್ ಸೋರಿದ್ರ ಯಾವ ದೇಶದವರು ಬಂದ್ ಮಾಡಬೇಕು ಅಂತ ಎರಡೂ ಕಡಿ ಸಾಹೇಬ್ರು ಸಭಿ ಮ್ಯಾಲ ಸಭಿ ಮಾಡಿದ್ರು. ಮೊದಲನೇ ಸಭಿ ಯಾರ ಧ್ವಜ ಎಡಕ್ಕ ಇಡಬೇಕು ಅನ್ನೋದ್ರಾಗ ಮುಗೀತು. ಅಂತೂ ಇಂತೂ ಒಂದು ನಿಯಮ ಆತು. ವಾಸನಿ ಯಾರಿಗೆ ಮೊದಲು ಬರತೈತೋ ಅವರು ಕೆಲಸ ನಿಲ್ಲಿಸಬೇಕು. ಅಡಿಗಿಯವ ಇರಲಿ, ಕಸ ಹೊಡಿಯವ ಇರಲಿ, ನಿಲ್ಲಿಸಿದವರಿಗೆ ಶಿಕ್ಷಾ ಇಲ್ಲ. ಯಾರ ಸಮುದ್ರ ಅನ್ನೋ ಜಗಳ ಆಮ್ಯಾಲ. ರಿಟೈರ್ ಆಗಿ ಊರಿಗೆ ಬಂದ ಮ್ಯಾಲೂ ಈ ಒಂದು ಮಾತಿನ ಮ್ಯಾಲ ನಾನು ಭಾಳ ಮೀಸಿ ತಿರುವಿದೆ.

ಹೋದ ವರ್ಷ ನಮ್ಮ ಗಡಿಯಾಗೂ ಒಂದು ಸುರಕ್ಷತಾ ಸಭಿ ಇಟ್ರು. ಸಕ್ಕರಿ ಕಾರ್ಖಾನಿಗಳ ಸ್ಪಿರಿಟ್ ಟ್ಯಾಂಕರ್ ಎರಡೂ ರಾಜ್ಯದಾಗ ಓಡಾಡ್ತಾವಲ್ಲ, ಅದಕ್ಕ. ಭಾಷಣ ನಂದು. ಸಭಾಭವನ ನಮ್ಮ ಕಡಿ, ಅದರ ಹಿಂದ ಹೊಂದಿ ಇದ್ದ ಅಡಿಗಿ ಶೆಡ್ಡು ಮಹಾರಾಷ್ಟ್ರದಾಗ. ಸಿಲಿಂಡರ್ ಅವರದು, ಒಲಿ ನಮ್ಮದು, ಇದ ನೋಡ್ರಿ ಸಹಕಾರ ಅಂತ ಅಧ್ಯಕ್ಷರು ಕನ್ನಡದಾಗ ಒಮ್ಮೆ, ಮರಾಠಿಯಾಗ ಒಮ್ಮೆ ಹೇಳಿದ್ರು. ಅಧ್ಯಕ್ಷರು ಅಂದ್ರ ದ್ರಾಕ್ಷಿ ತೋಟದ ದೊಡ್ಡ ಕುಳ, ಸಾಲಿ ಕಮಿಟಿನೂ ಅವರ ಕೈಯಾಗ. ಬಂದವರಿಗೆ ರವಾದ ಸಿಹಿ ಶಿರಾ ಮಾಡಾಕ ನಮ್ಮೂರ ಸಾಲಿಯ ಬಿಸಿಯೂಟದ ಅಕ್ಕನ್ನ ಕರಿಸಿದ್ರು.

ನಾನು ವೇದಿಕಿ ಮ್ಯಾಲ ಶೆಡ್ಡಿನ ಬಾಗಲಕ್ಕ ಬೆನ್ನು ಮಾಡಿ ನಿಂತು ಸಮುದ್ರದ ನಿಯಮ ಹೇಳಾಕತ್ತಿದ್ದೆ. ಜನ ಬಾಯಿ ತಕ್ಕೊಂಡು ಕೇಳಾಕತ್ತಿದ್ರು. ಅಷ್ಟರಾಗ ಅಕ್ಕ ಸೌಟು ಹಿಡಕೊಂಡ ವೇದಿಕಿಗೆ ಬಂದು, ಗ್ಯಾಸ್ ಸೋರಾಕತ್ತೈತಿ, ಎಲ್ಲಾರೂ ಹೊರಗ ನಡೀರಿ ಅಂದಳು. ಒಲಿ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಅದನ್ನ ಕಬ್ಬಿನ ಬದುವಿಗೆ ಎಳದು ಬಂದಿದ್ದಳು.

ಹೊರಗ ನಿಂತು ಎರಡೂ ಕಡಿಯವರು ಒಂದು ತಾಸು ವಾದ ಮಾಡಿದ್ರು. ಸೋರಿದ್ದು ಸಿಲಿಂಡರ್ ಕಡಿಯಿಂದೋ, ಪೈಪಿನ ಕಡಿಯಿಂದೋ? ಪೈಪ್ ಯಾವ ರಾಜ್ಯದ್ದು? ಅಷ್ಟೊತ್ತಿಗೆ ಅರ್ಧಕ್ಕ ನಿಂತ ಶಿರಾ ಹಸಿ ರವಾದಂಗ ಕುಂತಿತ್ತು. ಆ ಕಡಿಯಿಂದ ಬಂದ ಅತಿಥಿಗಳು ಉಪಾಸ ಹೋದ್ರು. ಅಧ್ಯಕ್ಷರಿಗೆ ಅಪಮಾನ ಆತು. ಈ ಅಡಿಗಿಯಾಕಿನ್ನ ಸಾಲಿ ಕೆಲಸದಿಂದ ತೆಗೀಬೇಕು ಅಂದ್ರು.

ಮರುದಿನ ಮುಂಜಾನೆ ಅಧ್ಯಕ್ಷರ ಕಡಿಯವರು ನನ್ನ ಮನಿಗೆ ಒಂದು ಕಾಗದ ತಂದ್ರು. ಸೋರಿಕಿ ಏನೂ ಆಗಿಲ್ಲ, ಅಡಿಗಿಯಾಕಿ ಸುಳ್ಳ ಗದ್ದಲ ಎಬ್ಬಿಸಿದಳು ಅಂತ ಎರಡೂ ಭಾಷಾದಾಗ ಬರದಿತ್ತು. ಎರಡೂ ರಾಜ್ಯದವರು ಕೂಡಿ ಒಪ್ಪಿದ ಕಾಗದ ನಾನು ಕಂಡಂಗ ಅದೊಂದ. ಎಲ್ಲಾರ ಸಹಿ ಬಿದ್ದಿತ್ತು, ತಜ್ಞರ ಸಹಿ, ಅಂದ್ರ ನಂದು, ಒಂದ ಬಾಕಿ. ಓದಿ ಕೊಡ್ತೀನಿ ಅಂತ ಇಟ್ಕೊಂಡೆ. ಖರೇ ಹೇಳ್ತೀನಿ, ಸಹಿ ಮಾಡಿ ಕೈ ತೊಳ್ಕೊಳ್ಳೋ ಮನಸ್ಸ ಇತ್ತು. ಅಧ್ಯಕ್ಷರನ್ನ ಎದುರ ಹಾಕ್ಕೊಂಡು ಈ ಊರಾಗ ಬಾಳ್ವಿ ಕಷ್ಟ.

ಅವರು ಹೋದ ಮ್ಯಾಲ ಅಕ್ಕ ಬಂದಳು. ಬಾಗಲ ಪಾವಟಿಗಿ ಮ್ಯಾಲ ನಿಂತಾಕಿ ಒಳಗ ಬರಲಿಲ್ಲ. ಆಕಿದು ಗಂಡ ಇಲ್ಲದ ಮನಿ, ಆ ಅಡಿಗಿ ಕೆಲಸದ ಮ್ಯಾಲ ನಡಿಯೋದು. ನೋಡೋಣು ತಂಗಿ ಅಂತ ನಾನು ಜಾರಿಸಿದೆ.

"ಸಾಹೇಬ್ರ, ಒಂದ ಕೇಳ್ತೀನ್ರಿ," ಅಂದಳು. "ನಾನು ಒಳಗ ರವಾ ಹುರಿಯೋ ಹೊಗಿಯಾಗ ಇದ್ದೆ, ನನಗ ತಡಾ ಗೊತ್ತಾತು. ನೀವು ಬಾಗಲದಾಗ ನಿಂತಿದ್ರಿ. ನಿಮಗ ವಾಸನಿ ಬಂದಿರಲಿಲ್ಲೇನ್ರಿ?"

ಬಂದಿತ್ತು. ಚಲೋ ಬಂದಿತ್ತು. ನಿಯಮದ ಮಾತು ಮುಗೀಲಿ, ಚಪ್ಪಾಳಿ ಬೀಳಲಿ, ಆಮ್ಯಾಲ ಹೇಳೋಣು ಅಂತ ಮಾತು ಮುಂದುವರಿಸಿದ್ದೆ. ನನ್ನ ಮ್ಯಾಲ ನನಗ ಹೇಸಿಗಿ ಬಂತು.

"ಬಂದಿತ್ತವಾ," ಅಂದೆ.

ಆ ಕಾಗದದ ಬೆನ್ನಿಗೆ ಅದನ್ನ ಬರದೆ. ವಾಸನಿ ನನಗ ಮೊದಲು ಬಂತು, ನಾನು ನಿಲ್ಲಿಸಲಿಲ್ಲ, ಈಕಿ ನಿಲ್ಲಿಸಿದಳು. ಕನ್ನಡದಾಗೂ ಬರದೆ, ಮರಾಠಿಯಾಗೂ ಬರದೆ, ಕೆಳಗ ಸಹಿ ಹಾಕಿದೆ. ಅಧ್ಯಕ್ಷರು ಓದಿ, ಮಡಚಿ, ಕಿಸೆದಾಗ ಇಟ್ಕೊಂಡ್ರು. ಹೊರಗ ತೋರಿಸಿದ್ರ ಅವರ ಸಭಿದ ಮಾನ ಹೋಗತಿತ್ತು, ಹಂಗಾಗಿ ಆಕಿನ್ನ ತೆಗಿಯೋ ಮಾತು ಅಲ್ಲಿಗೆ ಬಿಟ್ರು.

ಅಕ್ಕ ಈಗೂ ಸಾಲಿಯಾಗ ಅಡಿಗಿ ಮಾಡಾಕತ್ತಾಳ. ಈ ವರ್ಷನೂ ಸುರಕ್ಷತಾ ಸಭಿ ಆತು. ನನ್ನನ್ನ ಕರೀಲಿಲ್ಲ, ಆಕಿನ್ನೂ ಕರೀಲಿಲ್ಲ. ಒಲಿ, ಸಿಲಿಂಡರ್ ಮಾತ್ರ ಹೋದ ವರ್ಷದ್ವ ಅಂತ.